ಹೊಸ ಟ್ರ್ಯಾಕ್ಟರಿಗೆ 5, ಹಳೇ ಎಂಜಿನ್ನಿನ ಪಿಸ್ಟನ್ನಿಗೆ 18: ಇದ್ಯಾವ ನ್ಯಾಯ?



ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಎರಿ ಹೊಲದಲ್ಲಿ ಟ್ರ್ಯಾಕ್ಟರ್ ಎಬ್ಬಿಸುವ ಧೂಳು ನಿಮಗೆ ಗೊತ್ತೇ ಇದೆ. ಏರ್ ಕ್ಲೀನರ್ ತೊಳೆದು ಎಣ್ಣೆ ಬದಲಿಸದಿದ್ದರೆ ಆ ಧೂಳು ಸಿಲಿಂಡರಿನೊಳಗೆ ಹೊಕ್ಕು ಲೈನರ್, ರಿಂಗುಗಳನ್ನು ತೇಯುತ್ತದೆ. ಎಂಜಿನ್ ಆಯಿಲ್ ಕುಡಿಯುತ್ತದೆ, ನೀಲಿ ಹೊಗೆ ಬಿಡುತ್ತದೆ, ನಸುಕಿನಲ್ಲಿ ಸ್ಟಾರ್ಟ್ ಆಗುವುದಿಲ್ಲ. ಆಗ ಮನೆ ಬಾಗಿಲಿಗೆ ಮಾರುವವರು ಬರ್ತಾರ: "ಗೌಡ್ರೇ, ಹಳೇದು ಕೊಟ್ಟುಬಿಡ್ರಿ, ಹೊಸದು ಒಯ್ರಿ. ಸಾಲದ ಕಾಗದ ಎಲ್ಲಾ ನಾವೇ ಮಾಡಸ್ತೀವಿ."

ಸವೆದದ್ದು ಎಂಜಿನ್ನಿನ ನಾಲ್ಕು ಸಾಮಾನು. ಬೋಜಾ ಏರುವುದು ಮಾತ್ರ ಹೊಲದ ಪಹಣಿ ಮೇಲೆ!

ಹಳೇ ಡೀಸೆಲ್ ಎಂಜಿನ್ ಮಾಯಾ ಪೆಟ್ಟಿಗೆಯಲ್ಲ. ತೊಗರಿ ರಾಶಿ ಮುಗಿದು, ಮಿರಗದ ಮಳೆ ಬರುವುದರೊಳಗೆ, ಬೇವಿನ ಗಿಡದ ನೆಳ್ಳಾಗ ಅದನ್ನು ಬಿಚ್ಚಿ ಕೂಡಿಸಬಹುದು. ಹೆಡ್ಡು, ಸಂಪು ಬಿಚ್ಚಿ ಪಿಸ್ಟನ್ ಹೊರಗೆ ತೆಗೆಯುವುದು, ಬೇರಿಂಗ್ ಕ್ಯಾಪುಗಳಿಗೆ ನಂಬರ್ ಹಾಕಿ ಇಡುವುದು, ಎಲ್ಲಾ ತೊಳೆಯುವುದು ಮನೆ ಕೆಲಸ. ಹಲವು ಎಂಜಿನ್ನುಗಳಲ್ಲಿ ಲೈನರನ್ನು ಎಳೆದು ತೆಗೆದು, ಹೊಸ ರಬ್ಬರ್ ರಿಂಗಿನೊಂದಿಗೆ ಹೊಸದು ಕೂಡಿಸಬಹುದು. ಕ್ರ್ಯಾಂಕ್ ಗ್ರೈಂಡ್ ಮಾಡುವುದು, ವಾಲ್ವ್ ಸೀಟು ಕೂಡಿಸುವುದು ಲೇಥಿನವನ ಕೆಲಸ. ಡೀಸೆಲ್ ಪಂಪು, ನಾಜಲ್ಲು ಪರೀಕ್ಷಾ ಯಂತ್ರದ ಮೇಲೇ ಆಗಬೇಕು. ಅಷ್ಟನ್ನೇ ಪ್ಯಾಟಿಗೆ ಒಯ್ಯಿರಿ, ಇಡೀ ಟ್ರ್ಯಾಕ್ಟರ್ ಅಲ್ಲ. ಕೂಡಿಸುವಾಗ ನಟ್ಟುಗಳನ್ನು ಅಂದಾಜಿನ ಮೇಲೆ ಬಿಗಿಯಬೇಡಿ, ಟಾರ್ಕ್ ಪಾನಾ ಹಿಡಿಯಿರಿ. ಮೊದಲ ಐವತ್ತು ತಾಸು ಹಗುರ ಕೆಲಸ ಕೊಟ್ಟು ಆಯಿಲ್ ಬದಲಿಸಿರಿ.

ಪಿಂಜೋರಿನಲ್ಲಿ 1971ರಲ್ಲಿ ಎಚ್.ಎಂ.ಟಿ. ಟ್ರ್ಯಾಕ್ಟರ್ ಶುರುವಾಯಿತು. 2016ರಲ್ಲಿ ಅದನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ಕಾರ್ಖಾನೆ ಮುಚ್ಚಿದರೂ ಅಂಥ ಎಂಜಿನ್ ಬದುಕಬಲ್ಲದು. ಯಾಕಂದ್ರ, ಅದನ್ನು ಬಿಚ್ಚಲಿಕ್ಕೆ ಪಾನಾ ಸಾಕು, ಕಂಪನಿಯ ಕಂಪ್ಯೂಟರ್ ಬೇಕಿಲ್ಲ.

ಇಂಥ ರಿಪೇರಿಗೆ ಸರಕಾರ ಏನು ಮಾಡಿದೆ ನೋಡ್ರಿ. 2025ರ ಸೆಪ್ಟೆಂಬರ್ 22ರಿಂದ ಹೊಸ ಟ್ರ್ಯಾಕ್ಟರಿನ ಜಿ.ಎಸ್.ಟಿ. 12ರಿಂದ ಶೇಕಡಾ 5ಕ್ಕೆ ಇಳಿಯಿತು. ಬಹಳ ಛಲೋ. ಆದರೆ ಎಂಜಿನ್ನಿನ ಬಿಡಿಭಾಗ, ಅಂದರೆ ಪಿಸ್ಟನ್, ರಿಂಗು, ಲೈನರ್, 28ರಿಂದ ಇಳಿದು ಶೇಕಡಾ 18ಕ್ಕೇ ನಿಂತಿತು. ವ್ಯಾಪಾರಿ ತಾನು ಕಟ್ಟಿದ ತೆರಿಗೆಯನ್ನು ಲೆಕ್ಕದಲ್ಲಿ ಹಿಂದೆ ಪಡೆಯುತ್ತಾನೆ; ರೈತ ಎಲ್ಲಿಂದ ಪಡೀಬೇಕು?

ಲೆಕ್ಕ ಹಾಕಿರಿ. ಇಪ್ಪತ್ತು ಸಾವಿರದ ಸಾಮಾನಿಗೆ 18ರಂತೆ ತೆರಿಗೆ 3,600 ರೂಪಾಯಿ. 5 ಆಗಿದ್ದರೆ 1,000. ನಡುವಿನ 2,600 ಅಂದರೆ, 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ 8,000ದಂತೆ, ಮೂವತ್ತೆರಡೂವರೆ ಕಿಲೋ ತೊಗರಿ. ಅದೂ ಬೆಂಬಲ ಬೆಲೆ ಸಿಕ್ಕರೆ! ಇದೇ ಸರಕಾರ 2025ರ ಜನವರಿಯಲ್ಲಿ, ಪರದೇಶದ ತೊಗರಿ ಸುಂಕವಿಲ್ಲದೆ ಬರುವ ಸವಲತ್ತನ್ನು 2026ರ ಮಾರ್ಚ್‌ವರೆಗೆ ಬೆಳೆಸಿತು. ಹೊರಗಿನ ತೊಗರಿಗೆ ಸೊನ್ನೆ, ನಮ್ಮ ಪಿಸ್ಟನ್ನಿಗೆ ಹದಿನೆಂಟು!

"ಹಳೇ ಎಂಜಿನ್ ಡೀಸೆಲ್ ಕುಡೀತದ, ಹೊಗೆ ಉಗುಳ್ತದ" ಅಂತಾರ. ಸವೆದ ಎಂಜಿನ್ ಉಗುಳುತ್ತದೆ, ಖರೆ. ಸವೆದದ್ದನ್ನು ಸರಿ ಮಾಡಿದರೆ ಅದೂ ಕಡಿಮೆಯಾಗುತ್ತದೆ. ಬ್ಲಾಕೇ ಸೀಳಿದ ಎಂಜಿನ್ನಿಗೆ ದುಡ್ಡು ಸುರಿಯಿರಿ ಅಂತ ಯಾರೂ ಹೇಳುವುದಿಲ್ಲ. ಹೊಸದು ಬೇಕಾದವನು ಕೊಳ್ಳಲಿ. ರಿಪೇರಿ ತುಟ್ಟಿ ಮಾಡಿ, ಸಾಲ ಸಸಾರ ಮಾಡಿ, ನಮ್ಮನ್ನು ಶೋರೂಮಿಗೆ ಅಟ್ಟುವುದು ಯಾಕೆ ಎಂಬುದೇ ನಮ್ಮ ಪ್ರಶ್ನೆ.

ನಮ್ಮ ಬೇಡಿಕೆ ಮೂರು. ಪಿಸ್ಟನ್, ಲೈನರ್, ಬೇರಿಂಗು, ಗ್ಯಾಸ್ಕೆಟ್ಟಿಗೂ ಟ್ರ್ಯಾಕ್ಟರಿನಂತೆ ಶೇಕಡಾ 5. ಹೊಸದಕ್ಕೆ ಕೊಡುವಂತೆ ಎಂಜಿನ್ ಕಟ್ಟಿಸಲಿಕ್ಕೂ ಸೊಸೈಟಿಯಲ್ಲಿ ಸಣ್ಣ ಸಾಲ. ಪ್ರತಿ ಎಂಜಿನ್ನಿನ ಅಳತೆ, ಬಿಗಿತದ ಲೆಕ್ಕ ಇರುವ ರಿಪೇರಿ ಪುಸ್ತಕ ಕನ್ನಡದಲ್ಲಿ. ರಿಪೇರಿಯ ಹಕ್ಕಿನ ಸಲುವಾಗಿ ಕೇಂದ್ರ ಸರಕಾರ 2022ರ ಜುಲೈಯಲ್ಲಿ ಸಮಿತಿ ಮಾಡಿತು, ಕೃಷಿ ಯಂತ್ರಗಳನ್ನೂ ಅದರಲ್ಲಿ ಸೇರಿಸಿತು. ಹಕ್ಕು ಸಮಿತಿಯ ಕಾಗದದಲ್ಲಿದ್ದರೆ ಸಾಲದು, ನಮ್ಮ ಅಂಗಳಕ್ಕೆ ಬರಬೇಕು.

ಸಾಮಾನು ಕೊಂಡಾಗ ಪಕ್ಕಾ ಪಾವತಿ ಕೇಳಿ ಪಡೆಯಿರಿ. ಗ್ರಾಮಸಭೆಯಲ್ಲಿ ಆ ಪಾವತಿಗಳನ್ನು ಮುಂದಿಟ್ಟು ಠರಾವು ಮಾಡಿರಿ, ಓಟು ಕೇಳಲು ಬಂದವರ ಕೈಗೆ ಕೊಡಿರಿ. ಪಾನಾ ನಮ್ಮ ಕೈಯಲ್ಲಿರುವ ತನಕ ಪಹಣಿಯೂ ನಮ್ಮ ಕೈಯಲ್ಲಿರುತ್ತದೆ.