ಮೊದಲ ಜಿಗಿತದ ದುರಾಸೆ

ನಮ್ಮ ಕಂಟೋನ್ಮೆಂಟಿನ ಕಡೆ ಶಾಲಾ ಕ್ರೀಡಾಕೂಟ ನಡೆದಾಗ ಟ್ರಿಪಲ್ ಜಂಪ್ ನೋಡಲು ನಿಲ್ಲುವವರು ಕಡಿಮೆ. ನಿಂತವರೂ ಚಪ್ಪಾಳೆ ತಟ್ಟುವುದು ಹುಡುಗ ಹಲಗೆ ತುಳಿದು ಮೊದಲ ಸಲ ಮೇಲಕ್ಕೆ ಹಾರಿದಾಗ. ಕೆಲವು ವರ್ಷಗಳ ಹಿಂದೆ ನಾನೂ ಹಾಗೆಯೇ ತಟ್ಟಿದ್ದೆ. ವಿಜ್ಞಾನ ಹೇಳಿಕೊಡುವವನಿಗೆ ಅದು ತಪ್ಪೆಂದು ಮೊದಲೇ ತಿಳಿಯಬೇಕಿತ್ತು.

ಈ ಸ್ಪರ್ಧೆಯ ನಿಯಮ ಸರಳ. ಒಂದು ಕಾಲಿನಿಂದ ಹಾರಿ ಅದೇ ಕಾಲಿನ ಮೇಲೆ ಇಳಿಯಬೇಕು. ಅಲ್ಲಿಂದ ಇನ್ನೊಂದು ಕಾಲಿಗೆ ನೆಗೆದು, ಆಮೇಲೆ ಮರಳಿಗೆ ಹಾರಬೇಕು. ಓಟದಲ್ಲಿ ಗಳಿಸಿದ ವೇಗವೇ ಬಂಡವಾಳ. ಪಾದ ನೆಲಕ್ಕೆ ತಾಗಿದಾಗಲೆಲ್ಲ ಅದರಲ್ಲಿ ಒಂದಿಷ್ಟು ಸೋರಿಹೋಗುತ್ತದೆ. ಮೊದಲ ಜಿಗಿತ ಎತ್ತರವಾದಷ್ಟೂ ಬೀಳುವ ರಭಸ ಹೆಚ್ಚು; ಮೊಣಕಾಲು ಕುಸಿದು ಎರಡನೆಯ ಹೆಜ್ಜೆ ಗಿಡ್ಡವಾಗುತ್ತದೆ. ಕೆರೆಯ ನೀರಿನ ಮೇಲೆ ಹೆಂಚಿನ ಚೂರು ಎಸೆದು ಆಡಿದವರಿಗೆ ಇದು ಗೊತ್ತು. ತಗ್ಗಿಸಿ ಎಸೆದರೆ ಚೂರು ಪುಟಿಯುತ್ತಾ ಹೋಗುತ್ತದೆ, ಎತ್ತರಿಸಿ ಎಸೆದರೆ ಗುಳುಂ!

1995ರಲ್ಲಿ ಬ್ರಿಟನ್ನಿನ ಜೊನಾಥನ್ ಎಡ್ವರ್ಡ್ಸ್ 18.29 ಮೀಟರ್ ಹಾರಿ ವಿಶ್ವದಾಖಲೆ ಬರೆದಾಗ ಮೂರು ಹಂತಗಳ ಅಳತೆ 6.05, 5.22 ಮತ್ತು 7.02 ಮೀಟರ್. ದೊಡ್ಡ ಪಾಲನ್ನು ಆತ ಕೊನೆಗೆ ಉಳಿಸಿಕೊಂಡಿದ್ದ.

ಇದನ್ನು ಕಲಿಯಲು ದೂರ ಹೋಗಬೇಕಿಲ್ಲ. ನಮ್ಮ ಜಿಲ್ಲೆಯ ತೋರಣಗಲ್ಲಿನ ಕ್ರೀಡಾ ಸಂಸ್ಥೆಯಲ್ಲಿ ಕ್ಯೂಬಾದ ಯೋಂಡ್ರಿ ಬೆಟಾಂಜೋಸ್ ಅವರ ಬಳಿ ಪಳಗಿದ ತಮಿಳುನಾಡಿನ ಸೆಲ್ವ ಪ್ರಭು, 2022ರ ಆಗಸ್ಟ್‌ನಲ್ಲಿ ಕೊಲಂಬಿಯಾದ ಕಾಲಿ ನಗರದಲ್ಲಿ ನಡೆದ 20 ವರ್ಷದೊಳಗಿನವರ ವಿಶ್ವ ಅಥ್ಲೆಟಿಕ್ಸ್‌ನಲ್ಲಿ 16.15 ಮೀಟರ್ ಹಾರಿ ಬೆಳ್ಳಿ ಗೆದ್ದ. ಮೂರನೆಯವನು 16.13. ಎರಡು ಸೆಂಟಿಮೀಟರ್ ಎಂದರೆ ಒಂದು ಬೆರಳಿನ ಅಗಲ!

ತಾಳ್ಮೆಗೂ ಒಂದು ಲೆಕ್ಕವಿದೆ. 2018ರ ಬ್ಯೂನಸ್ ಐರಿಸ್ ಯುವ ಒಲಿಂಪಿಕ್ಸ್‌ನಲ್ಲಿ ಎರಡು ಸುತ್ತಿನ ದೂರ ಕೂಡಿಸಿ ಪದಕ ಕೊಟ್ಟರು. ಪ್ರವೀಣ್ ಚಿತ್ರವೇಲ್ 15.84 ಮತ್ತು 15.68 ಸೇರಿ 31.52 ಮೀಟರಿಗೆ ಕಂಚು ಪಡೆದ. ಅದೇ ಪ್ರವೀಣ್ 2023ರಲ್ಲಿ ಹವಾನಾದಲ್ಲಿ 17.37 ಮೀಟರ್ ಹಾರಿ ರಾಷ್ಟ್ರೀಯ ದಾಖಲೆ ಮಾಡಿದ. ಒಂದೂವರೆ ಮೀಟರ್ ಹೆಚ್ಚಿಸಿಕೊಳ್ಳಲು ಸುಮಾರು ಐದು ವರ್ಷ ಹಿಡಿಯಿತು.

ನಾನು ಚಪ್ಪಾಳೆ ತಟ್ಟಿದ ಹುಡುಗನಿಗೆ ನಾವು ಐದು ವಾರವನ್ನೂ ಕೊಡಲಿಲ್ಲ. ಎಂಟನೇ ತರಗತಿಯವನು. ಗಟ್ಟಿ ನೆಲದ ಮೇಲೆ ದಿನವೂ "ಇನ್ನೂ ಎತ್ತರ, ಇನ್ನೂ ಎತ್ತರ" ಎಂದು ಹಾರಿಸಿದೆವು. "ಹಿಮ್ಮಡ ನೋಯ್ತೈತ್ರಿ ಸಾರ್" ಎಂದಾಗ, ಓಡಾಡಿದರೆ ಸರಿಹೋಗುತ್ತದೆ ಎಂದವನು ನಾನೇ. ಬೆಳೆಯುವ ವಯಸ್ಸಿನಲ್ಲಿ ಹಿಮ್ಮಡಿಯ ಮೂಳೆಗೆ ಅಂಟಿಕೊಂಡ ಮೃದ್ವಸ್ಥಿ ಇನ್ನೂ ಗಟ್ಟಿಯಾಗಿರುವುದಿಲ್ಲ. ಪದೇ ಪದೇ ಬೀಳುವ ಪೆಟ್ಟನ್ನು ಅದು ತಾಳದು. ವೈದ್ಯರು ವಿಶ್ರಾಂತಿ ಹೇಳಿದರು. ನೋವು ಹೋಯಿತು, ಹುಡುಗ ಮಾತ್ರ ಮೈದಾನಕ್ಕೆ ಮರಳಲಿಲ್ಲ.

ಮಕ್ಕಳನ್ನು ಹುಲ್ಲಿನ ಮೇಲೆ, ಮರಳಿನ ಮೇಲೆ ಹಾರಿಸಿ. ದಿನಕ್ಕೆ ಕೆಲವೇ ಜಿಗಿತ ಸಾಕು. ನೋವು ಎಂದರೆ ಅಂದಿಗೆ ಅಭ್ಯಾಸ ಮುಗಿಯಿತು. ನಾನಂತೂ ಈಗ ಎರಡನೆಯ ಹೆಜ್ಜೆ ಬೀಳುವ ತನಕ ಚಪ್ಪಾಳೆ ತಟ್ಟುವುದಿಲ್ಲ.