ಫೋಟೋ ನೋಡಿದರೆ ಸಾಕು, ಫೋನ್ ಹ್ಯಾಕ್ ಆಗುತ್ತದೆಯೇ?

‘ಈ ಫೋಟೋ ತೆರೆದರೆ ಫೋನ್ ಹ್ಯಾಕ್’ ಎಂಬ ಫಾರ್ವರ್ಡ್ ನಿಮಗೂ ಬಂದಿರಬಹುದು. ಇಂಥವು ಬಹುತೇಕ ಸುಳ್ಳು. ಆದರೆ ಹಾಗಾಗಲು ಸಾಧ್ಯವೇ ಇಲ್ಲ ಎಂದು ನಾವು ಹೇಳಲಾರೆವು.

2023ರ ಸೆಪ್ಟೆಂಬರ್‌ನಲ್ಲಿ ವೆಬ್‌ಪಿ ಮಾದರಿಯ ಚಿತ್ರ ತೋರಿಸುವ ತಂತ್ರಾಂಶದಲ್ಲಿ ದೋಷ ಸಿಕ್ಕಿತು. ಕ್ರೋಮ್, ಫೈರ್‌ಫಾಕ್ಸ್ ತುರ್ತಾಗಿ ಅಪ್‌ಡೇಟ್ ಕೊಟ್ಟವು. ಅಷ್ಟರಲ್ಲೇ ಕಿಡಿಗೇಡಿಗಳು ಅದನ್ನು ಬಳಸತೊಡಗಿದ್ದರು.

ನವಲಗುಂದದ ಎರಿ ಹೊಲ ನೆನೆಸಿಕೊಳ್ಳಿ. ಮಲಪ್ರಭಾ ಕಾಲುವೆ ನೀರು ಅಳತೆ ಮೀರಿ ಬಿಟ್ಟರೆ ಬದು ದಾಟಿ ಪಕ್ಕದವರ ಬೆಳೆಗೆ ನುಗ್ಗುತ್ತದೆ. ಬ್ರೌಸರ್ ಕೂಡ ಫೋನಿನ ಮೆಮೊರಿಯಲ್ಲಿ ಪ್ರತಿ ಚಿತ್ರಕ್ಕೂ ಇಷ್ಟೇ ಜಾಗ ಎಂದು ಗೊತ್ತುಮಾಡುತ್ತದೆ. ಕುತಂತ್ರದಿಂದ ತಯಾರಿಸಿದ ಚಿತ್ರ ಆ ಗಡಿ ದಾಟಿ ಪಕ್ಕದ ಜಾಗದಲ್ಲಿ ತನ್ನ ಆದೇಶ ಬರೆಯಬಲ್ಲದು. ಬ್ರೌಸರ್‌ಗಳ ಬಹುಭಾಗ ಇರುವ ಸಿ ಪ್ಲಸ್ ಪ್ಲಸ್ ಭಾಷೆ ಈ ಗಡಿಯನ್ನು ತಾನಾಗಿ ಕಾಯುವುದಿಲ್ಲ. ಕ್ರೋಮ್‌ನ ಗಂಭೀರ ದೋಷಗಳಲ್ಲಿ ಸುಮಾರು ಶೇ. 70 ಇಂಥ ಮೆಮೊರಿ ತಪ್ಪುಗಳೇ ಎಂದು ಅದರ ತಂಡವೇ 2020ರಲ್ಲಿ ಹೇಳಿತ್ತು. ಗಡಿ ಕಾಯುವ ರಸ್ಟ್ ಭಾಷೆಗೆ ಕೆಲವು ಭಾಗಗಳು ಬದಲಾಗುತ್ತಿವೆ, ನಿಧಾನವಾಗಿ.

ನಮ್ಮ ಚಿಂತೆ ಹಳೇ ಫೋನುಗಳದ್ದು. ಪಹಣಿ ನೋಡುವುದು, ಬ್ಯಾಂಕಿನ ವ್ಯವಹಾರ ಎಲ್ಲವೂ ಅದರಲ್ಲೇ. ಆಂಡ್ರಾಯ್ಡ್ ತೀರಾ ಹಳೆಯದಾದರೆ ಕ್ರೋಮ್‌ಗೆ ಅಪ್‌ಡೇಟ್ ಬರುವುದೇ ನಿಲ್ಲುತ್ತದೆ. ಇಂದೇ ಪ್ಲೇ ಸ್ಟೋರ್‌ನಲ್ಲಿ ಕ್ರೋಮ್ ಹುಡುಕಿ, ‘ಅಪ್‌ಡೇಟ್’ ಎಂದಿದ್ದರೆ ಒತ್ತಿ. ವಾಟ್ಸಾಪ್‌ನಲ್ಲಿ ಬಂದ ‘ಅಪ್‌ಡೇಟ್’ ಲಿಂಕನ್ನು ಮಾತ್ರ ಮುಟ್ಟಬೇಡಿ.