ಫೋನ್ ಅಡ್ಡ ಹಿಡಿದರೆ ಲೆಕ್ಕ ಮಾಯ

ಹೋದ ಭಾನುವಾರ ಊರಿಂದ ಚಿಕ್ಕಪ್ಪನ ಮಗಳು ಫೋನ್ ಮಾಡಿದ್ದಳು. ಇಂಜಿನಿಯರಿಂಗ್ ಆರನೇ ಸೆಮಿಸ್ಟರ್. "ಅಣ್ಣಾ, ಮೊಬೈಲ್ ಆಪ್ ಮಾಡೋದು ಕಲೀಬೇಕು, ಎಲ್ಲಿಂದ ಶುರು ಮಾಡ್ಲಿ?" ಅಂತ. ನಾನು ಕಲಿತದ್ದು ನಮ್ಮಮ್ಮನ ಹಾಲಿನ ವರ್ತನೆ ಕೆಡಿಸಿ. ಅದನ್ನ ಅವಳಿಗೆ ಹೇಳೋದು ಹೇಗೆ?

ನಮ್ಮ ಕಾಲೇಜಿನ ಲ್ಯಾಬಿನ ಕಂಪ್ಯೂಟರ್‌ಗಳಿಗೆ 4 ಜಿಬಿ ರ‍್ಯಾಮ್. ಆಂಡ್ರಾಯ್ಡ್ ಸ್ಟುಡಿಯೋದಲ್ಲಿ ಎಮ್ಯುಲೇಟರ್ ಶುರು ಮಾಡಿ, ಕ್ಯಾಂಟೀನಿಗೆ ಹೋಗಿ ಟೀ ಕುಡಿದು ಬಂದರೆ ಆಗಷ್ಟೇ ಲೋಗೋ ಮಿನುಗ್ತಾ ಇರೋದು. ಪ್ರೋಗ್ರಾಂ ಓಡಲಿ ಬಿಡಲಿ, ರೆಕಾರ್ಡ್ ಪುಸ್ತಕದಲ್ಲಿ ದುಂಡಗೆ ಬರೆದಿರಬೇಕು. ಆನ್‌ಕ್ರಿಯೇಟ್, ಆನ್‌ಸ್ಟಾರ್ಟ್, ಆನ್‌ರೆಸ್ಯೂಮ್, ಆನ್‌ಪಾಸ್, ಆನ್‌ಸ್ಟಾಪ್, ಆನ್‌ಡೆಸ್ಟ್ರಾಯ್... ವೈವಾದಲ್ಲಿ ಗಿಣಿಪಾಠ ಒಪ್ಪಿಸಿ ಒಳ್ಳೇ ಮಾರ್ಕ್ಸ್ ತಗೊಂಡೆ.

ಆಗ ಅಮ್ಮ ಹದಿನಾಲ್ಕು ಮನೆಗೆ ಹಾಲು ಹಾಕ್ತಿದ್ದರು. ಲೆಕ್ಕವೆಲ್ಲ ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿ. 2018ರ ರಜೆಯಲ್ಲಿ ನನ್ನ ಮಿನಿ ಪ್ರಾಜೆಕ್ಟು ಅದೇ ಆಯ್ತು. ಪ್ರತಿ ಮನೆಯ ಮುಂದೆ ಪ್ಲಸ್, ಮೈನಸ್. ಕೊನೆಯಲ್ಲಿ ಸೇವ್ ಬಟನ್. ಜಂಬದಿಂದ ಕ್ಯಾಲೆಂಡರ್ ಕಿತ್ತು ಅಟ್ಟಕ್ಕೆ ಹಾಕಿದೆ.

ಅಮ್ಮ ಒಂದು ಕೈಯಲ್ಲಿ ಕ್ಯಾನು, ಇನ್ನೊಂದರಲ್ಲಿ ಫೋನು. ಒಂಬತ್ತನೇ ಮನೆ ಹೊತ್ತಿಗೆ ಫೋನ್ ಅಡ್ಡ ಆಗೋದು, ಪರದೆ ತಿರುಗೋದು, ಒತ್ತಿದ್ದೆಲ್ಲಾ ಸೊನ್ನೆ! "ನಾನೇ ಏನೋ ತಪ್ಪು ಒತ್ತಿದೆ ಕಣೋ" ಅಂತ ಸುಮ್ಮನಾಗ್ತಿದ್ದರು. ತಿಂಗಳ ಕೊನೆಗೆ ಲೆಕ್ಕ ಕೂಡಲಿಲ್ಲ. ಗೊತ್ತಿದ್ದವರ ಮನೆಗಳಲ್ಲಿ "ಇಷ್ಟೇನಾ?" ಅಂತ ಕೇಳೋಕೆ ಮುಜುಗರ. ಎಷ್ಟು ಲೀಟರ್ ಬಿಟ್ಟುಕೊಟ್ಟರು ಅಂತ ಇವತ್ತಿಗೂ ಹೇಳಿಲ್ಲ. ಮಾರನೇ ತಿಂಗಳು ಹೊಸ ಕ್ಯಾಲೆಂಡರ್ ಗೋಡೆಗೆ ಬಂದಿತ್ತು.

ಫೋನ್ ತಿರುಗಿಸಿದರೆ ಆಂಡ್ರಾಯ್ಡ್ ಆ ಆಕ್ಟಿವಿಟಿಯನ್ನ ಕೊಂದು ಹೊಸದಾಗಿ ಹುಟ್ಟಿಸುತ್ತೆ. ನಾನು ಲೆಕ್ಕ ಇಟ್ಟಿದ್ದು ಅದರೊಳಗಿನ ವೇರಿಯಬಲ್‌ಗಳಲ್ಲಿ; ಅದರ ಜೊತೆ ಅವೂ ಹೋದವು. ವೈವಾದಲ್ಲಿ ಬಾಯಿಪಾಠ ಹೇಳಿದ್ದ ಆನ್‌ಡೆಸ್ಟ್ರಾಯ್ ಇದೇ ಅಂತ ನನಗೆ ಹೊಳೆದೇ ಇರಲಿಲ್ಲ!

ಹೊಳೆದಿದ್ದು 2021ರಲ್ಲಿ, ಇಲ್ಲಿ ಟೊರಾಂಟೋದಲ್ಲಿ, ಹೊರಗೆ ಹಿಮ ಸುರೀತಿದ್ದಾಗ. ಸ್ಟ್ಯಾನ್‌ಫರ್ಡ್‌ನ ಸಿಎಸ್193ಪಿ ಪಾಠಗಳನ್ನ ಯೂಟ್ಯೂಬಿನಲ್ಲಿ ನೋಡೋಕೆ ಕೂತಿದ್ದೆ. ಐಫೋನಿಗೆ ಆಪ್ ಬರೆಯೋ ಕೋರ್ಸು, ಪಾಠ ಮಾಡೋರು ಪಾಲ್ ಹೆಗಾರ್ಟಿ. 2009ರಲ್ಲೇ ಈ ಕೋರ್ಸಿನ ಪಾಠಗಳನ್ನ ಐಟ್ಯೂನ್ಸ್ ಯೂನಲ್ಲಿ ಜಗತ್ತಿಗೆಲ್ಲ ಬಿಟ್ಟಿ ಕೊಟ್ಟಿದ್ದರು. ಒಂದೇ ಚಿತ್ರದ ಎರಡೆರಡು ಕಾರ್ಡ್ ಹುಡುಕೋ ಮಕ್ಕಳಾಟ ಬರೆಸ್ತಾ, ಆಟದ ಲೆಕ್ಕಾಚಾರ ಬೇರೆ, ಪರದೆ ಬೇರೆ ಅಂತ ಪಟ್ಟಾಗಿ ಹೇಳ್ತಾರೆ ಮಹಾಶಯರು. ಪರದೆ ಬರೀ ಕನ್ನಡಿ. ನಾನು ಅಮ್ಮನ ಲೆಕ್ಕವನ್ನ ಕನ್ನಡಿ ಮೇಲೆ ಬರೆದಿದ್ದೆ.

ಅವತ್ತೇ ರಾತ್ರಿ ಆ ಹಳೇ ಆಪ್ ತೆಗೆದು ಕೂತೆ. ಆಂಡ್ರಾಯ್ಡ್‌ನಲ್ಲಿ ಇದಕ್ಕೆ 2017ರಿಂದಲೇ ವ್ಯೂಮಾಡೆಲ್ ಇತ್ತು, ನನಗೆ ಗೊತ್ತಿರಲಿಲ್ಲ ಅಷ್ಟೆ. ಪರದೆ ತಿರುಗಿದರೂ ಅದು ಉಳಿಯುತ್ತೆ. ಆದರೆ ಜ್ಞಾಪಕಶಕ್ತಿ ಸಾಲದೆ ಫೋನು ಇಡೀ ಆಪನ್ನೇ ಮುಚ್ಚಿಬಿಟ್ಟರೆ ಅದೂ ಹೋಗುತ್ತೆ. ಹಾಗಾಗಿ ಒಂದೊಂದು ಒತ್ತಿಗೂ ರೂಮ್ ಡೇಟಾಬೇಸಿಗೆ ಬರೆಯೋ ಹಾಗೆ ಮಾಡಿ, ಸೇವ್ ಬಟನ್ನೇ ಕಿತ್ತು ಹಾಕಿದೆ. ಮೂರು ವಾರ ಹಿಡೀತು.

ಮುಗಿಸಿ ಅಮ್ಮನಿಗೆ ಫೋನ್ ಮಾಡಿದರೆ, "ಮಂಡಿ ನೋವು ಕಣೋ, ಹಸು ಹೋದ ತಿಂಗಳೇ ಕೊಟ್ಟುಬಿಟ್ವಲ್ಲ, ಹೇಳಿರ್ಲಿಲ್ವಾ?" ಅಂದರು.

ಇದನ್ನೆಲ್ಲ ಕೇಳಿ ತಂಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಹಂಗಾದ್ರೆ ಅಪ್ಪನ ಅಂಗಡಿ ಸಾಲದ ಪುಸ್ತಕ ಇದ್ಯಲ್ಲ, ಅದನ್ನೇ ಮಾಡ್ಲಾ?" ಅಂದಳು.

ಮಾಡು, ಆದ್ರೆ ಚಿಕ್ಕಪ್ಪನ ಕೈಗೆ ಕೊಡೋ ಮುಂಚೆ ಫೋನನ್ನ ಹತ್ತು ಸಲ ಅಡ್ಡ ತಿರುಗಿಸಿ ನೋಡು ಅಂದೆ. ಪುಸ್ತಕ ಮಾತ್ರ ಅಟ್ಟಕ್ಕೆ ಹಾಕಬೇಡ ಅಂತಾನೂ :)